ಗುಡುಗಿಗೆ ಹೆದರುವ ಜನರಲ್

ನನಗೊಂದು ವಿಚಿತ್ರ ಅಭ್ಯಾಸವಿದೆ. ಎಲ್ಲಾದರೂ ಗುಡುಗಿದರೆ ಸಾಕು, ನನ್ನ ಬಲಗೈ ತಾನಾಗಿ ಷರಟಿನ ಜೇಬಿಗೆ ಹೋಗಿ ಚೀಸಿನ ಚೂರು ಹುಡುಕುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ ಕೂತಿದ್ದರೂ ಅಷ್ಟೆ, ಆಫೀಸಿನ ಮೀಟಿಂಗಿನಲ್ಲಿದ್ದರೂ ಅಷ್ಟೆ. ಹೋದ ಸಲ ಮೈಸೂರಿಗೆ ಹೋಗಿದ್ದಾಗ ಭಾವಮೈದನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ಆಕಾಶ ಗುಡುಗಿತು. ನಾನು ಜೇಬು ತಡಕಿದೆ.

"ಏನ್ ಭಾವ, ಏನಾದ್ರೂ ಕಳ್ಕೊಂಡ್ರಾ?"

"ಏನಿಲ್ಲಪ್ಪ, ಗುಡುಗಿತಲ್ಲ, ಅದಕ್ಕೆ" ಎಂದೆ.

ಅವನು ತನ್ನ ಅಕ್ಕನ ಕಡೆ, ಅಂದರೆ ನನ್ನ ಹೆಂಡತಿ ವಸಂತಳ ಕಡೆ, ಒಂದು ನೋಟ ನೋಡಿದ. ಬಹಳ ವರ್ಷ ಅಮೆರಿಕದಲ್ಲಿದ್ದರೆ ಪಾಪ ಹೀಗೇ ಆಗುತ್ತೆ ಎಂಬ ಮರುಕ ಅದರಲ್ಲಿತ್ತು. ವಸಂತಾ ನಕ್ಕಳು. ಅವಳಿಗೆ ಗೊತ್ತು, ಆ ಅಭ್ಯಾಸ ಹಚ್ಚಿದವನು ಒಂದು ನಾಯಿ. ಹೆಸರು ಜನರಲ್.

ತೊಂಬತ್ತರ ದಶಕದ ಮಾತು. ಆಗ ನಾವು ಅಮೆರಿಕದ ರಾಲಿ ಎಂಬ ಊರಿನಲ್ಲಿದ್ದೆವು. ನಾನು ರಸ್ತೆ ಇಲಾಖೆಯಲ್ಲಿ ಸೇತುವೆಗಳ ಇಂಜಿನಿಯರು. ವಸಂತಾ ಪಕ್ಕದೂರು ಡರ್ಹಮ್ಮಿನ ಒಂದು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟು. ಮಗಳು ಅನು ಹೈಸ್ಕೂಲು. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ವಯಸ್ಸು. ಪಕ್ಕದ ಮನೆಯಲ್ಲಿ ವಿಲ್ಬರ್ ಎಂಬ ಹಿರಿಯರಿದ್ದರು. ನಮ್ಮ ಬೀದಿಗೆ ಮನೆ ಕೊಂಡು ಬಂದ ಮೊದಲ ಕಪ್ಪು ಕುಟುಂಬ ಅವರದು, ಮೊದಲ ಕಂದು ಕುಟುಂಬ ನಮ್ಮದು. ನಾವು ಸಾಮಾನು ಇಳಿಸುತ್ತಿದ್ದಾಗ ಅವರು ಬೇಲಿಯ ಹತ್ತಿರ ಬಂದು, "ಬಂದ್ರಾ? ಒಳ್ಳೇದಾಯ್ತು. ಇಷ್ಟು ದಿನ ಎಲ್ಲರೂ ನನ್ನನ್ನೇ ನೋಡ್ತಿದ್ರು, ಇನ್ನು ಸ್ವಲ್ಪ ನಿಮ್ಮನ್ನೂ ನೋಡ್ಲಿ" ಎಂದು ಗಹಗಹಿಸಿ ನಕ್ಕಿದ್ದರು. ಆ ನಗುವಿನಲ್ಲೇ ನಮ್ಮ ಗೃಹಪ್ರವೇಶವಾಯಿತು ಎನ್ನಬೇಕು.

ವಿಲ್ಬರ್ ಜೀವಮಾನವೆಲ್ಲ ಪೋಸ್ಟ್‌ಮ್ಯಾನ್ ಆಗಿದ್ದವರು. ಅಂದರೆ ಜೀವಮಾನವೆಲ್ಲ ನಾಯಿಗಳಿಂದ ಅಟ್ಟಿಸಿಕೊಂಡವರು. ಪ್ಯಾಂಟು ಮೇಲೆತ್ತಿ, ಇದು ಒಂದು ಪೂಡಲ್ಲಿನ ಕೃಪೆ, ಇದು ಚರ್ಚಿನ ಪಾದ್ರಿಯ ನಾಯಿಯದು ಎಂದು ಕಾಲಿನ ಗುರುತುಗಳನ್ನು ಹೆಮ್ಮೆಯಿಂದ ತೋರಿಸುತ್ತಿದ್ದರು. ಅಂಥವರು ಹೆಂಡತಿ ತೀರಿಕೊಂಡ ಮರುವರ್ಷ, ಅನಾಥ ನಾಯಿಗಳ ಕೇಂದ್ರಕ್ಕೆ ಹೋಗಿ, ಅಲ್ಲಿದ್ದವುಗಳಲ್ಲೆಲ್ಲ ದೊಡ್ಡದನ್ನು ಕರೆತಂದರು. ಕುಂಬಳಕಾಯಿಯಂಥ ತಲೆ, ಜೋಲು ಕಿವಿ, ಆಳವಾದ ಎದೆ. ಅದರ ನಿಲುವು ನೋಡಿಯೇ ಜನರಲ್ ಎಂದು ಹೆಸರಿಟ್ಟದ್ದು.

ಹೆಸರಿಟ್ಟ ಮೇಲೆ ತಿಳಿದದ್ದು, ಈ ಸೇನಾಧಿಪತಿಗೆ ಸದ್ದೆಂದರೆ ಪ್ರಾಣಭಯ. ಗುಡುಗಿಗೆ, ಪಟಾಕಿಗೆ, ಕಸದ ಲಾರಿಗೆ, ಹುಟ್ಟುಹಬ್ಬದ ಬಲೂನಿಗೆ, ಕೊನೆಗೆ ಯಾರಾದರೂ ಜೋರಾಗಿ ಸೀನಿದರೂ ಹೆದರಿ ಓಡುತ್ತಿದ್ದ. ಹಿಂದೆ ಯಾರ ಮನೆಯಲ್ಲಿದ್ದನೋ, ಏನು ಅನುಭವಿಸಿದ್ದನೋ ಯಾರಿಗೂ ಗೊತ್ತಿಲ್ಲ. ವಿಲ್ಬರ್ ಮಾತ್ರ, "ನಿವೃತ್ತ ಜನರಲ್ ಕಣಯ್ಯಾ, ಯುದ್ಧ ಸಾಕಾಗಿದೆ ಅವನಿಗೆ" ಎಂದು ಸಮರ್ಥಿಸಿಕೊಳ್ಳುತ್ತಿದ್ದರು.

ಒಂದು ವಸಂತ ಋತುವಿನ ಸಂಜೆ ಅವರು ಜನರಲ್‌ನನ್ನು ಅಡ್ಡಾಡಿಸಿಕೊಂಡು ಮನೆಗೆ ತಿರುಗುತ್ತಿದ್ದಾಗ ಫಟ್ಟೆಂದು ಸಿಡಿಲು ಬಡಿಯಿತು. ಜನರಲ್ ನೆಗೆದ. ಹಗ್ಗ ಕೈಗೆ ಸುತ್ತಿಕೊಂಡಿದ್ದ ವಿಲ್ಬರ್ ಅವನ ಜೊತೆಗೇ ನೆಗೆದು, ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ಬಿದ್ದರು. ಸೊಂಟದ ಮೂಳೆ ಮುರಿಯಿತು.

ಆಂಬುಲೆನ್ಸಿಗೆ ಫೋನ್ ಮಾಡಿದವಳು ವಸಂತಾ. ಸ್ಟ್ರೆಚರಿನ ಮೇಲೆ ಮಲಗಿದ್ದ ವಿಲ್ಬರ್, ನೋವಿನಲ್ಲಿ ಹಲ್ಲು ಕಚ್ಚಿಕೊಂಡು ಕೇಳಿದ್ದು ಒಂದೇ ಪ್ರಶ್ನೆ: "ಜನರಲ್ ಎಲ್ಲಿ?" ಜನರಲ್ ನಮ್ಮ ಕಾರಿನ ಕೆಳಗಿದ್ದ.

ಮಾರನೆಯ ದಿನ ಅಟ್ಲಾಂಟಾ ಹತ್ತಿರದ ಲಾರೆನ್ಸ್‌ವಿಲ್ಲಿನಿಂದ ಅವರ ಮಗಳು ಲಿಂಡಾ ಬಂದಳು. ಶಾಲೆಯೊಂದರ ಪ್ರಿನ್ಸಿಪಾಲಳು, ಮಾತಿನಲ್ಲಿ ಬೆಲ್ಲು ಹೊಡೆದಂಥ ಖಚಿತತೆ. ನಾನು ಒಂದು ಡಬ್ಬಿ ಚಿತ್ರಾನ್ನ ಹಿಡಿದುಕೊಂಡು ಹೋದೆ. ಕಷ್ಟಕಾಲದಲ್ಲಿ ನಾವು ಮಾಡುವುದು ಇನ್ನೇನು?

ಲಿಂಡಾ ಅಡುಗೆಮನೆಯಲ್ಲಿ ನಿಂತು ತೀರ್ಮಾನ ಹೇಳಿದಳು. "ಆಪರೇಷನ್ ಆದ್ಮೇಲೆ ಡ್ಯಾಡಿನ ನಮ್ಮಲ್ಲಿಗೆ ಕರ್ಕೊಂಡು ಹೋಗ್ತೀನಿ. ನಡೆಯೋ ಹಾಗಾದ್ರೆ ಜುಲೈ ನಾಲ್ಕರ ರಜೆಗೆ ವಾಪಸ್ ಬಿಡ್ತೀನಿ. ಆದ್ರೆ ಈ ನಾಯಿ ಜೊತೆ ಅಲ್ಲ. ಇನ್ನೊಂದ್ಸಲ ಬಿದ್ರೆ ಅವರು ಏಳೋದಿಲ್ಲ. ನಾಯಿ ಹೋಗ್ಬೇಕು."

"ಎಲ್ಲಿಗೆ?"

"ಎಲ್ಲಿಂದ ಬಂತೋ ಅಲ್ಲಿಗೆ."

ಅಷ್ಟು ದೊಡ್ಡ, ಅಷ್ಟು ವಯಸ್ಸಾದ, ಅಷ್ಟು ಹೆದರುವ ನಾಯಿ ಆ ಕೇಂದ್ರಕ್ಕೆ ಮರಳಿದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಯಾರೂ ಕರೆದೊಯ್ಯದ ನಾಯಿಗೆ ಅಲ್ಲಿ ಕೊನೆಯ ಸೂಜಿ ಚುಚ್ಚುತ್ತಾರೆ. ನಾನು ಬಾಯಿ ತೆರೆದದ್ದು ಚಿತ್ರಾನ್ನ ಬಿಸಿ ಮಾಡುವುದು ಹೇಗೆಂದು ಹೇಳಲು. ಹೊರಬಂದ ಮಾತು ಬೇರೆ: "ಜುಲೈವರೆಗೂ ನಮ್ಮನೇಲಿರ್ಲಿ. ಅಷ್ಟರಲ್ಲಿ ಅವನ ಭಯ ಬಿಡಿಸಿದ್ರೆ?"

ಲಿಂಡಾ ನನ್ನನ್ನು ಅಳೆಯುವಂತೆ ನೋಡಿದಳು. "ಬಿಡಿಸೋಕೆ ಬರುತ್ತಾ ನಿಮ್ಗೆ?"

"ಬರಲ್ಲ" ಎಂದೆ. ಸತ್ಯ ಹೇಳುವುದರಲ್ಲಿ ನಾವು ಮೈಸೂರಿನವರು ಹಿಂದೆ ಬೀಳುವುದಿಲ್ಲ.

ಮನೆಗೆ ಬಂದು ವಸಂತಳಿಗೆ ಹೇಳುವ ಧೈರ್ಯವಾಗದೆ ಸ್ವಲ್ಪ ಹೊತ್ತು ಗ್ಯಾರೇಜಿನಲ್ಲೇ ಸುಳಿದಾಡಿದೆ. ಮನೆಯೊಳಗೆ ಹಲ್ಲಿ ಬಂದರೂ ಒಪ್ಪದವಳು. ಆದರೆ ಕೇಳಿಸಿಕೊಂಡವಳು ಕೈಯಲ್ಲಿದ್ದ ಸೌಟು ಕೆಳಗಿಟ್ಟು, "ಅವರು ನನಗೆ ಡ್ರೈವಿಂಗ್ ಕಲಿಸಿದಾರೆ ರೀ" ಎಂದಳು. ಅಷ್ಟೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಸಂತಳಿಗೆ ಕಾರು ಕಲಿಸುವ ಕೆಲಸವನ್ನು ಮೊದಲು ವಹಿಸಿಕೊಂಡವನು ನಾನು. ಎರಡು ಪಾಠಗಳಾದ ಮೇಲೆ ನಮ್ಮ ದಾಂಪತ್ಯ ಉಳಿಯುವುದೇ ಅನುಮಾನವಾಯಿತು. ನಾನು ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತುತ್ತ "ಅಯ್ಯೋ ಅಯ್ಯೋ" ಎನ್ನುವುದು, ಅವಳು ರಸ್ತೆಯ ಮಧ್ಯೆ ಕಾರು ನಿಲ್ಲಿಸಿ "ನೀವೇ ಓಡಿಸ್ಕೊಳ್ಳಿ" ಎಂದು ಇಳಿದು ನಡೆಯುವುದು. ಇದನ್ನು ಕಿಟಕಿಯಿಂದ ನೋಡುತ್ತಿದ್ದ ವಿಲ್ಬರ್ ಒಂದು ಶನಿವಾರ ತಾವೇ ಬಂದು ಅವಳನ್ನು ಚರ್ಚಿನ ಖಾಲಿ ಪಾರ್ಕಿಂಗ್ ಲಾಟಿಗೆ ಕರೆದುಕೊಂಡು ಹೋದರು. ಪಕ್ಕದ ಸೀಟಿನಲ್ಲಿ ಕೂತು, ಕಡಲೇಕಾಯಿ ಬಿಡಿಸಿ ತಿನ್ನುತ್ತ, ಹವಾಮಾನದ ಬಗ್ಗೆ ಮಾತಾಡುತ್ತಿದ್ದರಂತೆ. ಒಮ್ಮೆಯೂ "ನೋಡಿ, ಹುಷಾರು" ಎನ್ನಲಿಲ್ಲವಂತೆ. ಬೇಸಿಗೆ ಮುಗಿಯುವಷ್ಟರಲ್ಲಿ ವಸಂತಾ ಡರ್ಹಮ್ಮಿಗೆ ಹೈವೇ ಮೇಲೆ ಡ್ರೈವ್ ಮಾಡುತ್ತಿದ್ದಳು. ಅವಳ ಕೆಲಸ, ಸಂಬಳ, ಸ್ವಾತಂತ್ರ್ಯ ಎಲ್ಲ ಆ ಪಾರ್ಕಿಂಗ್ ಲಾಟಿನಲ್ಲಿ ಶುರುವಾದದ್ದು. ಋಣವೆಂದರೆ ನಮಗೆ ಅದು.

ಹೀಗೆ ಜನರಲ್ ನಮ್ಮ ಮನೆಗೆ ಬಂದ. ಮೊದಲ ದಿನವೇ ಕುಕ್ಕರು ಕೂಗಿತು.

ಬೇಳೆಗೆ ಇಟ್ಟ ಕುಕ್ಕರು. ಮೊದಲ ಸೀಟಿ ಹೊಡೆಯುತ್ತಿದ್ದಂತೆ ಊಟದ ಮೇಜಿನ ಕೆಳಗಿಂದ ಒಂದು ಕಂದು ಬಿರುಗಾಳಿ ಎದ್ದು, ಕುರ್ಚಿ ಉರುಳಿಸಿ, ಮಹಡಿ ಹತ್ತಿ ಮಾಯವಾಯಿತು. ಮೇಲೆ ಏನೋ ಹರಿದ ಸದ್ದು. ವಸಂತಾ ಹೋಗಿ ನೋಡಿ ಅಲ್ಲಿಂದಲೇ ಕೂಗಿದಳು: "ರೀ, ನಿಮ್ಮ ಜನರಲ್ ಸಾಹೇಬ್ರು ಸ್ನಾನಕ್ಕೆ ಕೂತಿದಾರೆ!" ಬಾತ್ ಟಬ್ಬಿನಲ್ಲಿ, ಹರಿದ ಶವರಿನ ಪರದೆಯನ್ನು ಶಾಲಿನ ಹಾಗೆ ಹೊದ್ದು, ಸನ್ಮಾನ ಮುಗಿಸಿಕೊಂಡ ಅಧ್ಯಕ್ಷರ ಭಂಗಿಯಲ್ಲಿ ಕೂತಿದ್ದ. ನಗಬೇಕೆಂದು ಹೋದೆ. ಆದರೆ ಅವನು ನಡುಗುತ್ತಿದ್ದ ರೀತಿ ನೋಡಿದರೆ ನಗು ಬರುವ ಹಾಗಿರಲಿಲ್ಲ. ಟಬ್ಬೇ ಸಣ್ಣಗೆ ಕಂಪಿಸುತ್ತಿತ್ತು.

"ಏಯ್, ಇಷ್ಟಕ್ಕೆಲ್ಲ ಹೆದರ್ತಾರೇನೋ ದಡ್ಡ!" ಎಂದೆ.

ಹಿಂದೆ ನಿಂತಿದ್ದ ಅನು, "ಅಪ್ಪಾ, ಹಿ ಈಸ್ ಸ್ಕೇರ್ಡ್, ನಾಟ್ ಸ್ಟುಪಿಡ್" ಎಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಕುಕ್ಕರಿಗೆ ರಜೆ. ತಪ್ಪಲೆಯಲ್ಲಿ ಬೇಯಿಸಿ ಗಂಜಿ ಬಸಿದ ಅನ್ನ. ಆ ಗಂಜಿಗೆ ಉಪ್ಪು, ಮಜ್ಜಿಗೆ ಹಾಕಿಕೊಂಡು ಕುಡಿದರೆ ಎಷ್ಟು ರುಚಿಯೆಂಬುದನ್ನೇ ಮರೆತಿದ್ದೆ. ಜನರಲ್‌ಗೂ ಅದು ಹಿಡಿಸಿತು.

ಡರ್ಹಮ್ಮಿನಲ್ಲಿ ವಸಂತಳಿಗೆ ಪರಿಚಯದ ಒಬ್ಬ ಪಶುವೈದ್ಯೆಯಿದ್ದಳು. ಜನರಲ್‌ನನ್ನು ತೋರಿಸಿದೆವು. ಕಿವಿ, ಹೃದಯ ಎಲ್ಲ ನೋಡಿ ಹೇಳಿದಳು: "ಔಷಧಿ ಇದೆ, ಬೇಕಾದ್ರೆ ಕೊಡೋಣ. ಮೊದಲು ಇದನ್ನ ಟ್ರೈ ಮಾಡಿ. ಅವನಿಗೆ ಇಷ್ಟವಾದ ತಿಂಡಿ ಕೊಡ್ತಾ, ತೀರಾ ಸಣ್ಣ ಸದ್ದು ಮಾಡಿ. ದಿನಾ ಸ್ವಲ್ಪ ಸ್ವಲ್ಪ ಜೋರು. ಅವನು ತಿನ್ನೋದು ನಿಲ್ಲಿಸಿದ್ರೆ ನೀವು ಅವಸರ ಮಾಡಿದೀರಿ ಅಂತ ಅರ್ಥ. ಬಯ್ಯಬೇಡಿ, ಬಲವಂತವಾಗಿ ಹಿಡ್ಕೋಬೇಡಿ."

ಗುಡುಗಿನ ಕ್ಯಾಸೆಟ್ ಸಿಗುತ್ತದೆಂದೂ ಹೇಳಿದಳು. ಹೌದು, ಸಿಗುತ್ತಿತ್ತು! ನಿದ್ದೆ ಬಾರದವರು ಕೇಳುವುದಕ್ಕಂತೆ. ಗುಡುಗು ಕೇಳಿದರೆ ಎದ್ದು ಒಗೆದ ಬಟ್ಟೆ ಎತ್ತಿಕೊಳ್ಳಲು ಓಡುವ ಕುಲದಲ್ಲಿ ಹುಟ್ಟಿದ ನನಗೆ ಇದೊಂದು ಹೊಸ ಜ್ಞಾನ. ತಂದು ಅನುವಿನ ಪುಟ್ಟ ಟೇಪ್ ರೆಕಾರ್ಡರಿನಲ್ಲಿ ಹಾಕಿದೆ. ಆ ಬಡ ಸ್ಪೀಕರಿನಲ್ಲಿ ಕಾರ್ಮೋಡದ ಗರ್ಜನೆಯೆಲ್ಲ ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ ಕೇಳಿಸಿತು. ಜನರಲ್ ಬಾಲ ಅಲ್ಲಾಡಿಸುತ್ತ ಅಡುಗೆಮನೆ ಕಡೆ ನೋಡಿದ.

ಎದೆಗೆ ಬಡಿಯುವ ಸದ್ದು ಬೇಕಿತ್ತು. ಆದರೆ ನನ್ನ ಹಿಡಿತದಲ್ಲಿರಬೇಕು. ಆಗ ನೆನಪಾದದ್ದು ಬೇಸ್‌ಮೆಂಟಿನಲ್ಲಿದ್ದ ಮೃದಂಗ.

ನನ್ನ ಮೃದಂಗದ ಬಗ್ಗೆ ಹೆಚ್ಚು ಹೇಳದಿರುವುದೇ ವಾಸಿ. ಚಿಕ್ಕಂದಿನಲ್ಲಿ ಮೈಸೂರಿನಲ್ಲಿ ಕೆಲವು ವರ್ಷ ಪಾಠಕ್ಕೆ ಹೋಗಿದ್ದೆ. ಮೇಷ್ಟರು ಬಹಳ ಸಾತ್ವಿಕರು. ಒಂದು ದಿನ ನನ್ನ ಕೈ ಹಿಡಿದು, ತಿರುಗಿಸಿ ನೋಡಿ, "ಈ ಕೈ ಬೇರೆ ಯಾವುದೋ ಕೆಲಸಕ್ಕೆ ಹುಟ್ಟಿದೆ ಮಗು, ಅದು ಯಾವುದೂಂತ ಹುಡುಕ್ಕೋ" ಎಂದಿದ್ದರು. ಆದರೂ ಅಮೆರಿಕಕ್ಕೆ ಬರುವಾಗ ಹಟದಿಂದ ಹೊತ್ತು ತಂದೆ. ಕನ್ನಡ ಕೂಟದ ಭಜನೆಗಳಲ್ಲಿ ನುಡಿಸುತ್ತಿದ್ದೆ. ಜನ ಚಪ್ಪಾಳೆಯನ್ನು ಸ್ವಲ್ಪ ಜೋರಾಗಿಯೇ ತಟ್ಟುತ್ತಿದ್ದರು. ಅದು ಭಕ್ತಿಯಿಂದ ಎಂದು ನಾನು ತಿಳಿದಿದ್ದೆ.

ಮೃದಂಗದ ಎಡಗಡೆಯ ಮುಖಕ್ಕೆ ನುಡಿಸುವ ಮುಂಚೆ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತುತ್ತಾರೆ. ಆಗ ಅದರಿಂದ ಗುಂ ಎಂಬ ಆಳದ ನಾದ ಬರುತ್ತದೆ. ದೂರದ ಗುಡುಗೇ ಅದು. ನಾನು ಹಾಲಿನ ಒಂದು ತುದಿಯಲ್ಲಿ ಕೂತೆ. ಇನ್ನೊಂದು ತುದಿಯಲ್ಲಿ ಜನರಲ್, ಅವನ ಪಕ್ಕ ಚೀಸಿನ ಚೂರುಗಳ ಜೊತೆ ವಸಂತಾ. ಒಂದು ಬೆರಳಲ್ಲಿ ಮೆಲ್ಲಗೆ ತಟ್ಟಿದೆ. ಜನರಲ್ ಕಿವಿ ಎತ್ತಿದ. ವಸಂತಾ ಚೀಸ್ ಕೊಟ್ಟಳು. ತಿಂದ. ಮತ್ತೆ ತಟ್ಟಿದೆ. ಮತ್ತೆ ಚೀಸ್.

ಆಫೀಸಿನಿಂದ ಬಂದ ಮೇಲೆ ದಿನಾ ಇದೇ ಕಚೇರಿ. ಒಂದು ಬೆರಳು ಎರಡಾಯಿತು, ನಾಲ್ಕಾಯಿತು. ಒಮ್ಮೆ ಉತ್ಸಾಹದಲ್ಲಿ ನಾನು ಅಂಗೈ ಬೀಸಿ ಹೊಡೆದುಬಿಟ್ಟೆ. ಜನರಲ್ ಟಬ್ಬಿಗೆ. ಮಾರನೆಯ ದಿನ ಮತ್ತೆ ಒಂದು ಬೆರಳಿನಿಂದ ಶುರು. ವಸಂತಾ, "ಸೇತುವೆ ಕಟ್ಟೋವಾಗ್ಲೂ ಹೀಗೇ ಅವಸರ ಮಾಡ್ತೀರಾ?" ಎಂದು ಕೇಳಿದಳು.

ಒಂದು ಸಂಜೆ ನಾನು ನುಡಿಸುವುದು ನಿಲ್ಲಿಸಿ ಫೋನ್ ಎತ್ತಿಕೊಳ್ಳಲು ಹೋಗಿದ್ದೆ. ತಿರುಗಿ ಬಂದರೆ, ಅಷ್ಟು ದಿನ ಹಾಲಿನ ಆ ತುದಿ ಬಿಟ್ಟು ಕದಲದಿದ್ದ ಜನರಲ್ ಮೃದಂಗದ ಮುಂದೆ ನಿಂತು, ಎಡ ಮುಖದ ರವೆಯನ್ನು ಶ್ರದ್ಧೆಯಿಂದ ನೆಕ್ಕುತ್ತಿದ್ದ! ನಾಲಗೆ ತಾಕಿದಾಗಲೆಲ್ಲ ಮೃದಂಗ ಗುಂ ಗುಂ ಎನ್ನುತ್ತಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ. ನಾನು ಉಸಿರು ಬಿಗಿಹಿಡಿದು ಬಾಗಿಲಲ್ಲೇ ನಿಂತೆ. ವಾದ್ಯವೆಂದರೆ ಸರಸ್ವತಿ, ಎಂಜಲು ಮಾಡಬಾರದು ಎಂದು ಬೆಳೆದವನು ನಾನು. ಆದರೆ ನೋಡಿ, ಅದಕ್ಕಿಂತ ಒಳ್ಳೆಯ ಪೂಜೆ ಆ ಮೃದಂಗಕ್ಕೆ ನನ್ನ ಕೈಯಲ್ಲಂತೂ ಆಗಿರಲಿಲ್ಲ. ಅಂದಿನಿಂದ ರವೆಗೆ ಚೂರು ತುಪ್ಪ ಸೇರಿಸತೊಡಗಿದೆ.

ಲಾರೆನ್ಸ್‌ವಿಲ್ಲಿನಿಂದ ವಿಲ್ಬರ್ ಫೋನ್ ಮಾಡಿದಾಗ ವಾರ್ತೆ ಹೇಳಿದೆ. "ಜನರಲ್ ಡ್ರಮ್ಮು ತಿಂತಿದಾನೆ" ಎಂದೆ. ಅವರು ನಕ್ಕ ನಗುವಿಗೆ ಸೊಂಟ ನೋವಾಗಿ, ಫೋನ್ ಲಿಂಡಾ ತೆಗೆದುಕೊಂಡಳು. "ಅವರನ್ನ ನಗಿಸ್ಬೇಡಿ" ಎಂದಳು. ದನಿ ಕಟುವಾಗಿತ್ತು, ಆದರೆ ಫೋನ್ ತಕ್ಷಣ ಇಡಲಿಲ್ಲ.

ಹೀಗೆ ಎಲ್ಲ ಗೆದ್ದೆವು ಎಂದುಕೊಂಡಿದ್ದಾಗ ಎದುರು ಮನೆಯವರು ಚಾವಣಿ ಹೊಸದು ಹಾಕಿಸಿದರು. ಮೊಳೆ ಹೊಡೆಯುವ ಯಂತ್ರ ಬಂದೂಕಿನ ಹಾಗೆ ಫಟ್ ಫಟ್ ಫಟ್ ಎಂದು ಶುರುಮಾಡಿತು. ನಾನು ಹಿತ್ತಿಲಲ್ಲಿದ್ದೆ. ಜನರಲ್ ಜಾಲರಿಯ ಬಾಗಿಲನ್ನು ಹರಿದುಕೊಂಡು ಹೊರಬಿದ್ದು ಓಡಿದ. ನಾನು ಹವಾಯಿ ಚಪ್ಪಲಿಯಲ್ಲಿ ಹಿಂದೆ ಓಡಿದೆ. ಒಂದು ಚಪ್ಪಲಿ ತಿರುವಿನಲ್ಲೇ ಕಿತ್ತುಹೋಯಿತು. ಮುಂದಿನದು ದೊಡ್ಡ ರಸ್ತೆ, ಲಾರಿಗಳು ಹೋಗುವಂಥದ್ದು. ಅಲ್ಲಿ ಅವನಿಲ್ಲ.

ವಾಪಸ್ ಬಂದು ಕಾರು ತೆಗೆದುಕೊಂಡು ಆ ಮಧ್ಯಾಹ್ನ ಎಷ್ಟು ಬೀದಿ ಸುತ್ತಿದೆನೋ. ಕಾರಿನ ಕಿಟಕಿಯಿಂದ ತಲೆ ಹೊರಹಾಕಿ "ಜನರಲ್! ಜನರಲ್!" ಎಂದು ಕೂಗುತ್ತ ಹೋಗುವ ಕಂದು ಬಣ್ಣದ ಮನುಷ್ಯನನ್ನು ಜನ ಏನೆಂದುಕೊಂಡರೋ. ನನ್ನ ಮನಸ್ಸಿನಲ್ಲಿ ಇದ್ದದ್ದು ವಿಲ್ಬರಿಗೆ ಏನು ಹೇಳುವುದು ಎಂಬುದೊಂದೇ. ಅವರಿಗೆ ಹೆಂಡತಿ ಹೋಗಿಯಾಗಿತ್ತು. ಕಾಲು ಹೋಗುವುದರಲ್ಲಿತ್ತು. ಇದೂ ಹೋದರೆ?

ಕೊನೆಗೆ ಚರ್ಚಿನ ಆಚೆಯ ಬೀದಿಯಲ್ಲಿ ಒಬ್ಬ ಮುದುಕಿ ಕೈಬೀಸಿ ಕರೆದಳು. "ದೊಡ್ಡ ನಾಯಿ ಹುಡುಕ್ತಿದೀರಾ? ನನ್ನ ಬಾತ್‌ರೂಮಲ್ಲಿದೆ." ತೆರೆದಿದ್ದ ಗ್ಯಾರೇಜಿನಿಂದ ನುಗ್ಗಿ ಸೀದಾ ಟಬ್ಬಿಗೆ ಹೋಗಿ ಕೂತಿದ್ದನಂತೆ. ಟಬ್ಬಿನ ಪಕ್ಕ ಒಂದು ಮಡಚುವ ಕುರ್ಚಿ, ಅದರ ಮೇಲೆ ದಿನಪತ್ರಿಕೆ. ಆಕೆ ಅಷ್ಟು ಹೊತ್ತೂ ಅಲ್ಲಿ ಕೂತು ಅವನಿಗೆ ಪೇಪರು ಓದಿ ಹೇಳುತ್ತಿದ್ದಳಂತೆ.

"ಏನು ಓದಿದ್ರಿ?" ಎಂದು ಕೇಳಿದೆ.

"ಅಂಗಡಿ ಜಾಹೀರಾತು. ರಾಜಕೀಯ ಓದಿ ಇನ್ನೂ ಯಾಕೆ ಹೆದರಿಸ್ಲಿ? ನಾನು ಮುಟ್ಟಲಿಲ್ಲ, ಗದರಲಿಲ್ಲ. ಪಕ್ಕದಲ್ಲಿ ಯಾರೋ ಇದಾರೆ ಅಂತ ಗೊತ್ತಾದ್ರೆ ಸಾಕಲ್ವಾ?"

ನಾನು ಆ ಕುರ್ಚಿಯ ಮೇಲೆ ಕೂತೆ. ಜನರಲ್ ಕತ್ತೆತ್ತಿ ನೋಡಿ, ಗಲ್ಲವನ್ನು ಟಬ್ಬಿನ ಅಂಚಿಗೆ ಇಟ್ಟ. ನನಗೆ ಇದ್ದಕ್ಕಿದ್ದ ಹಾಗೆ ಸೀತತ್ತೆ ನೆನಪಾದಳು.

ಸೀತತ್ತೆ ನಮ್ಮ ತಂದೆಯ ಅಕ್ಕ. ಚಿಕ್ಕವನಾಗಿದ್ದಾಗ ನನಗೆ ದೀಪಾವಳಿಯೆಂದರೆ ನರಕ. ಬೀದಿಯ ಹುಡುಗರೆಲ್ಲ ಆನೆ ಪಟಾಕಿ ಹಚ್ಚುತ್ತಿದ್ದರೆ ನಾನು ಉಗ್ರಾಣದ ಮೂಲೆಯಲ್ಲಿ, ಹುಣಿಸೆಹಣ್ಣಿನ ಜಾಡಿಯ ಹಿಂದೆ, ಗೋಣಿಚೀಲ ಹೊದ್ದು ಕೂತಿರುತ್ತಿದ್ದೆ. "ಗಂಡು ಹುಡುಗ, ನಾಚ್ಕೆಯಾಗಲ್ವೇನೋ" ಎಂದು ಒಬ್ಬರು, "ಒಂದ್ಸಲ ಕೈಯಲ್ಲಿ ಹಿಡಿಸಿದ್ರೆ ಸರಿಹೋಗ್ತಾನೆ" ಎಂದು ಇನ್ನೊಬ್ಬರು. ಸೀತತ್ತೆ ಮಾತ್ರ ಒಂದು ಮೊರ ಕಡಲೇಕಾಯಿ ತೆಗೆದುಕೊಂಡು ಉಗ್ರಾಣಕ್ಕೆ ಬಂದು, ನನ್ನ ಪಕ್ಕ ಕಾಲು ಚಾಚಿ ಕೂತು ಬಿಡಿಸತೊಡಗುತ್ತಿದ್ದಳು. ಹೊರಗೆ ಢಂ ಎಂದಾಗ ಅವಳೂ ಬೆಚ್ಚಿ, "ಅಬ್ಬ! ಇದು ಭಾರಿ ಜೋರು ಕಣೋ" ಎಂದು ನನ್ನ ಬಾಯಿಗೆ ಒಂದು ಚೂರು ಕೊಬ್ಬರಿ ಮಿಠಾಯಿ ಹಾಕುತ್ತಿದ್ದಳು. ಹೆದರಬೇಡ ಎಂದು ಅವಳು ಒಂದು ದಿನವೂ ಹೇಳಲಿಲ್ಲ. ಕೆಲವು ದೀಪಾವಳಿ ಕಳೆದ ಮೇಲೆ ನಾನು ಬಾಗಿಲವರೆಗೆ ಬಂದೆ. ಆಮೇಲೆ ಜಗಲಿಯವರೆಗೆ. ಇವತ್ತಿಗೂ ಪಟಾಕಿಯೆಂದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ, ಆದರೆ ಓಡುವುದಿಲ್ಲ.

ಭಯ ಹೋಗಬೇಕಾಗಿಲ್ಲ. ಹೆದರಿದಾಗ ಹೋಗಿ ಕೂರಲು ಒಂದು ಜಾಗ ಬೇಕು, ಅಷ್ಟೆ. ಇಷ್ಟು ತಿಳಿಯಲು ನನಗೆ ಒಬ್ಬ ಅಪರಿಚಿತ ಹೆಂಗಸಿನ ಬಾತ್‌ರೂಮಿಗೆ ಬರಬೇಕಾಯಿತು.

ಮನೆಗೆ ಬಂದು, ಮದುವೆಯಲ್ಲಿ ಬಂದಿದ್ದ ಒಂದು ಸಣ್ಣ ಜಮಖಾನವನ್ನು ಹುಡುಕಿ ತೆಗೆದೆ. ಅಂದಿನಿಂದ ಮೃದಂಗ ನುಡಿಸುವುದಿದ್ದರೆ ಜಮಖಾನ ಹಾಸಿಯೇ. ಸದ್ದಾದರೆ ಚೀಸು ಸಿಗುವುದು ಜಮಖಾನದ ಮೇಲೆ ಮಾತ್ರ, ಪಕ್ಕದಲ್ಲಿ ನಮ್ಮಲ್ಲಿ ಒಬ್ಬರು. ನನ್ನ ಷರಟಿನ ಜೇಬಿನಲ್ಲಿ ಸದಾ ಚೀಸಿನ ಚೂರು. ಹಾಲಿನಲ್ಲಿ ಹಾಸಿದೆ, ಹಿತ್ತಿಲಲ್ಲಿ ಹಾಸಿದೆ, ಬೀದಿಯ ಬದಿಯ ಹುಲ್ಲಿನ ಮೇಲೆ ಹಾಸಿದೆ. ದಾರಿಹೋಕರು ನಾವೇನೋ ಪಿಕ್‌ನಿಕ್ ಬಂದಿದ್ದೇವೆ ಎಂದುಕೊಂಡು ಕೈಬೀಸುತ್ತಿದ್ದರು. ಕಸದ ಲಾರಿ ಬಂದಾಗ ಜನರಲ್ ನಡುಗುತ್ತ, ಜೊಲ್ಲು ಸುರಿಸುತ್ತ, ಆದರೂ ಟಬ್ಬಿನ ಬದಲು ಜಮಖಾನ ಹುಡುಕಿಕೊಂಡು ಬಂದ ದಿನ ವಸಂತಾ ಅವನ ತಲೆಯನ್ನು ಎದೆಗೊತ್ತಿಕೊಂಡಳು. ಹಲ್ಲಿಗೆ ಹೆದರುವ ಹೆಂಗಸು! ಜೂನ್ ಕೊನೆಗೆ ಅವಳು ಧೈರ್ಯ ಮಾಡಿ ಕುಕ್ಕರನ್ನೂ ಇಟ್ಟಳು. ಜನರಲ್ ಜಮಖಾನಕ್ಕೆ ಹೋಗಿ ಕೂತು, ಮುಗಿಯಿತಾ ಎನ್ನುವಂತೆ ನೋಡಿದ.

ಜುಲೈ ನಾಲ್ಕರ ರಜೆಗೆ ಲಿಂಡಾ ತಂದೆಯನ್ನು ಕರೆತಂದಳು. ಮಧ್ಯಾಹ್ನ. ಆ ಕಡೆಯ ಬೇಸಿಗೆ ನಿಮಗೆ ಗೊತ್ತಿದ್ದರೆ ಗೊತ್ತು: ಬೆಳಗ್ಗೆಯಿಂದ ಬೇಯಿಸಿ, ಮೂರು ಗಂಟೆಯ ಹೊತ್ತಿಗೆ ಪಶ್ಚಿಮದಲ್ಲಿ ಕಪ್ಪಾಗಿ ಕೂರುತ್ತದೆ. ವಿಲ್ಬರ್ ವಾಕರ್ ಹಿಡಿದು ತಮ್ಮ ಮನೆಯ ವರಾಂಡದ ಕುರ್ಚಿಗೆ ಬಂದು ಕೂತರು. ಸಣ್ಣಗಾಗಿದ್ದರು. ನಾನು ಜಮಖಾನವನ್ನು ಅವರ ಕಾಲ ಬಳಿ ಹಾಸಿ, ಜನರಲ್‌ನ ಹಗ್ಗವನ್ನು ಅವರ ಕೈಗೆ ಕೊಟ್ಟೆ. ಅವನು ಅವರ ಮಡಿಲಲ್ಲಿ ತಲೆಯಿಟ್ಟು ಮಾಡಿದ ಸದ್ದನ್ನು ನಾನು ಅಕ್ಷರದಲ್ಲಿ ಬರೆಯಲಾರೆ. ವಿಲ್ಬರ್ ಅವನ ಕಿವಿಗಳನ್ನು ಸವರುತ್ತಲೇ ಇದ್ದರು.

ಲಿಂಡಾ ಕಾರಿನಿಂದ ಸಾಮಾನು ಇಳಿಸುತ್ತಿದ್ದಳು. ಆಗ ಬಡಿಯಿತು. ಮುನ್ಸೂಚನೆಯಿಲ್ಲದೆ, ತಲೆಯ ಮೇಲೇ ಸೀಳಿದಂಥ ಸಿಡಿಲು. ಕಿಟಕಿಗಳು ಗಡಗಡಿಸಿದವು. ಜನರಲ್ ಚಂಗನೆ ಎದ್ದ. ಹಗ್ಗ ಬಿಗಿಯಿತು.

"ಡ್ಯಾಡಿ! ಹಗ್ಗ ಬಿಡಿ!" ಲಿಂಡಾ ಚೀಲ ಎಸೆದು ಓಡಿಬಂದಳು.

ವಿಲ್ಬರ್ ಬಿಡಲಿಲ್ಲ. ವಸಂತಾ ನನ್ನ ತೋಳನ್ನು ಉಗುರು ನೆಡುವಷ್ಟು ಗಟ್ಟಿಯಾಗಿ ಹಿಡಿದಳು. ಜನರಲ್ ಮೆಟ್ಟಿಲ ಕಡೆ ನೋಡಿದ, ರಸ್ತೆಯ ಕಡೆ ನೋಡಿದ. ಮೈಯೆಲ್ಲ ನಡುಗುತ್ತಿತ್ತು. ಇನ್ನೊಂದು ಸಿಡಿಲು. ಅವನು ಕುರ್ಚಿಯ ಸುತ್ತ ಒಂದು ಸುತ್ತು ಹಾಕಿ, ಜಮಖಾನದ ಮೇಲೆ ಧೊಪ್ಪನೆ ಬಿದ್ದು, ಮೂತಿಯನ್ನು ವಿಲ್ಬರ್ ಪಾದದ ಮೇಲೆ ಒತ್ತಿಟ್ಟ.

ವಿಲ್ಬರ್ ತಮ್ಮ ಜೇಬಿಗೆ ಕೈಹಾಕಿದರು. ಹಾದಿಯಲ್ಲೆಲ್ಲೋ ಕೊಂಡ ಕಡಲೇಕಾಯಿ. ಒಂದನ್ನು ಬಿಡಿಸಿ ಅವನ ಬಾಯಿಗೆ ಕೊಟ್ಟು, ಒಂದನ್ನು ತಮ್ಮ ಬಾಯಿಗೆ ಹಾಕಿಕೊಂಡು, "ಮಳೆ ಚೆನ್ನಾಗಿ ಬರೋ ಹಾಗಿದೆ" ಎಂದರು.

ಮಳೆ ಸುರಿಯತೊಡಗಿತು. ಲಿಂಡಾ ಮೆಟ್ಟಿಲ ಮೇಲೆಯೇ ನೆನೆಯುತ್ತ ನಿಂತಿದ್ದಳು. ವಸಂತಾ ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ ಟವೆಲ್ ಕೊಟ್ಟಳು. ಒರೆಸಿಕೊಳ್ಳುತ್ತ ಲಿಂಡಾ ಹೇಳಿದಳು: "ಕಾರಿನ ಡಿಕ್ಕೀಲಿ ನಾಯಿ ಪಂಜರ ಇದೆ. ಸಾಗಿಸೋಕೆ ಅಂತಲೇ ತಂದಿದ್ದೆ. ನೀವು ಫೋನಲ್ಲಿ ಹೇಳಿದ್ದು ಒಂದನ್ನೂ ನಾನು ನಂಬಿರ್ಲಿಲ್ಲ."

ಪ್ರಿನ್ಸಿಪಾಲಳ ದನಿ ಆಗ ಒಡೆಯಿತು. "ನಿಮಗೆ ನಾನು ಕಲ್ಲೆದೆಯವಳು ಅನ್ಸಿರ್ಬೇಕು. ಅಮ್ಮ ಹೋದಾಗ ಫೋನ್ ಬಂತು. ಡ್ಯಾಡಿ ಬಿದ್ದಾಗ ಫೋನ್ ಬಂತು. ಈಗ ಫೋನ್ ಹೊಡೆದ್ರೆ ಸಾಕು, ಕ್ಲಾಸಲ್ಲಿರ್ಲಿ, ಅಡುಗೆಮನೇಲಿರ್ಲಿ, ನನಗೆ ಕೈಕಾಲು ತಣ್ಣಗಾಗುತ್ತೆ. ಅವರು ಇಲ್ಲಿ, ನಾನು ಅಲ್ಲಿ. ಇನ್ನು ದಿನಾ ಆ ಫೋನಿಗೆ ಕಾಯ್ತಾ ಹೇಗಿರ್ಲಿ?"

ಸೇತುವೆ ಬಿರುಕು ಬಿಟ್ಟಿದ್ದರೆ ನಾನು ಮಾತಾಡಬಹುದಿತ್ತು. ವಸಂತಾ ಕಾಫಿ ಲೋಟವನ್ನು ಅವಳ ಕೈಗೆ ಕೊಟ್ಟು, ವರಾಂಡದ ಕಡೆ ಒಮ್ಮೆ ನೋಡಿ, "ಅದಕ್ಕೂ ಇದೇ ಔಷಧಿ. ದಿನಾ ಸ್ವಲ್ಪ ಸ್ವಲ್ಪ" ಎಂದಳು. ಫಾರ್ಮಸಿಸ್ಟು ಹೇಳಿದ ಮೇಲೆ ಮುಗಿಯಿತು.

ಜನರಲ್ ಆಮೇಲೆ ಇನ್ನೂ ಕೆಲವು ವರ್ಷ ಬದುಕಿದ. ಪ್ರತಿ ಗುಡುಗಿಗೂ ಹೆದರಿದ, ಒಮ್ಮೆಯೂ ಓಡಲಿಲ್ಲ. ವಿಲ್ಬರ್ ವಾಕರ್ ಬಿಟ್ಟು ಕೋಲು ಹಿಡಿದರು. ಒಂದು ಕೈಯಲ್ಲಿ ಕೋಲು, ಒಂದು ಕೈಯಲ್ಲಿ ಹಗ್ಗ. ಇಬ್ಬರು ವೃದ್ಧರೂ ಬೀದಿಯ ಕೊನೆಯವರೆಗೆ ಹೋಗಿ ಬರುತ್ತಿದ್ದರು. ಆ ನಾಯಿಯ ಭಯದಿಂದ ನನಗೆ ಬಸಿದ ಅನ್ನ ಸಿಕ್ಕಿತು, ಬೇಸ್‌ಮೆಂಟಿನಲ್ಲಿ ಮಲಗಿದ್ದ ವಾದ್ಯ ಮೇಲೆ ಬಂತು, ನಾಯಿಗೆ ಪೇಪರು ಓದಿ ಹೇಳುವ, ನಾನು ಹೆಸರು ಕೇಳಿಕೊಳ್ಳುವುದನ್ನೂ ಮರೆತುಬಂದ ಒಬ್ಬ ತಾಯಿ ಸಿಕ್ಕಳು, ಲಾರೆನ್ಸ್‌ವಿಲ್ಲಿನಲ್ಲಿ ನೆಂಟರ ಮನೆಯಂಥ ಮನೆಯಾಯಿತು. ಇಷ್ಟೆಲ್ಲ ಕೊಟ್ಟವನಿಗೆ ನಾನು ಕೊಟ್ಟದ್ದು ಚೀಸು. ಲೆಕ್ಕ ಎಲ್ಲಿಂದ ಹಾಕಿದರೂ ನಾನೇ ಸಾಲಗಾರ.

ಆ ಜುಲೈ ರಜೆಯ ಕೊನೆಯಲ್ಲಿ ಲಿಂಡಾ ಖಾಲಿ ಪಂಜರದೊಂದಿಗೆ ಒಬ್ಬಳೇ ಹೊರಟಳು. ಅವಳು ಮನೆ ಮುಟ್ಟುವ ಹೊತ್ತಿಗೆ ಸರಿಯಾಗಿ, ವಸಂತಾ ಹೇಳಿದ್ದಂತೆ, ವಿಲ್ಬರ್ ಫೋನ್ ಎತ್ತಿಕೊಂಡರು. ನಾವು ಅಲ್ಲೇ ಇದ್ದೆವು. ಆ ಕಡೆ ಎತ್ತಿದ ಕೂಡಲೇ, ಅವಳು ಹಲೋ ಎನ್ನುವುದಕ್ಕೂ ಬಿಡದೆ, ಮೃದುವಾಗಿ ಹೇಳಿದರು:

"ಲಿಂಡಾ, ಏನೂ ಆಗಿಲ್ಲ ಮಗಳೇ. ನಾನು ಪೀಚ್ ಹಣ್ಣು ತಿಂತಾ ಇದೀನಿ. ಭಾರಿ ಸಿಹಿಯಾಗಿದೆ. ಅದನ್ನ ಹೇಳೋಕೇ ಮಾಡಿದೆ. ನಾಳೇನೂ ಮಾಡ್ತೀನಿ."